ಸೈಕಲ್ಲು ಯಾವ ಬೀದಿಯಲ್ಲಿ ಹೋಗುತ್ತದೆ?

ಬಾಲಿ ದ್ವೀಪದಲ್ಲಿ ಒಂದು ವ್ಯಾಪಾರವಿದೆ. ಪ್ರವಾಸಿಗಳನ್ನು ಬಾತೂರ್ ಬೆಟ್ಟದ ಕಡೆಗೆ ಗಾಡಿಯಲ್ಲಿ ಹತ್ತಿಸಿ, ಕೈಗೆ ಸೈಕಲ್ ಕೊಟ್ಟು, ಹಳ್ಳಿಗಳ ನಡುವೆ ಕೆಳಕ್ಕೆ ಇಳಿಸುತ್ತಾರೆ. ಮುಂದೆ ಒಬ್ಬ ಗೈಡು. ಮೆಟ್ಟಿಲು ಗದ್ದೆ, ಗುಡಿ, ಯಾರದೋ ಮನೆಯ ಅಂಗಳ, ಒಂದು ಲೋಟ ಕಾಫಿ. ಅಲ್ಲಿನ ರೈತರು ನೀರು ಹಂಚಿಕೊಳ್ಳುವ ‘ಸುಬಾಕ್’ ಪದ್ಧತಿ 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಮ್ಮಲ್ಲೂ ಹಂಪಿ-ಆನೆಗೊಂದಿ, ಶ್ರೀರಂಗಪಟ್ಟಣದ ಸುತ್ತ ಇಂಥ ಸವಾರಿಗಳಿವೆ. ನಾಳೆ ಮಂಡ್ಯದ ವಿ.ಸಿ. ಫಾರಂ ಸುತ್ತಲೂ ಬರಬಹುದು. ನಾಲೆ ಇದೆ, ಭತ್ತ ಇದೆ, ಕಬ್ಬು ಇದೆ, ಆಲೆಮನೆ ಇದೆ. ನೋಡೋಕೆ ಬಂದವನಿಗೆ ಇನ್ನೇನು ಬೇಕು?

ಗೆಳೆಯರೇ, ನನ್ನ ಪ್ರಶ್ನೆ ಇಷ್ಟೇ: ಊರನ್ನು ನೋಡುವುದು ಅಂದರೆ ಏನು?

ಹಸಿರು ಸುಳ್ಳಲ್ಲ. ಇರ್ವಿನ್ ಹೆಸರಲ್ಲಿ ಹುಟ್ಟಿ ವಿಶ್ವೇಶ್ವರಯ್ಯನವರ ಹೆಸರು ಪಡೆದ ನಾಲೆ ಒಣ ನೆಲವನ್ನು ಗದ್ದೆ ಮಾಡಿತು. ಆದರೆ ನೀರು ಹರಿದದ್ದು ಭೂಮಿ ಇದ್ದವರ ಗದ್ದೆಗೆ. ಇಲ್ಲದವರಿಗೆ ಸಿಕ್ಕಿದ್ದು ಕೂಲಿ. ಸೊಂಟ ಬಗ್ಗಿಸಿ ನಾಟಿ ಹಾಕುವ ಹೆಂಗಸರು ರಸ್ತೆಯಿಂದ ಚಿತ್ರದ ಹಾಗೆ ಕಾಣುತ್ತಾರೆ. ಬದುವಿನ ಮೇಲೆ ನಡೆದುಹೋಗಿ ‘ಕೂಲಿ ಎಷ್ಟು ಕೊಡ್ತಾರವ್ವ?’ ಅಂತ ಕೇಳಿ, ಆ ಚಿತ್ರ ಒಡೆಯುತ್ತದೆ. ಒಡೆಯದಂತೆ ನೋಡಿಕೊಳ್ಳುವುದೇ ಗೈಡಿನ ಹೊಟ್ಟೆಪಾಡು.

ಬೀದಿಯೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮೇಲ್ಜಾತಿಯವರ ಬೀದಿ ಬಂತೆಂದರೆ ದಲಿತರು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕಿದ್ದ ಹಳ್ಳಿಗಳು ಈ ದೇಶದಲ್ಲಿ ಎಷ್ಟೋ! ಅಂಥ ಬೀದಿಯಲ್ಲೇ ಎಲ್ಲಿಂದಲೋ ಬಂದವನು ಬೆಲ್ ಹೊಡೆದುಕೊಂಡು ಹೋಗುತ್ತಾನೆ. ಹಳ್ಳಿಯ ಹೊಗಳಿಕೆ ಕೇಳಿ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಯಾಕೆ ಸಿಡಿದರು ಎಂಬುದು ಇಲ್ಲಿ ಅರ್ಥವಾಗುತ್ತದೆ.

ಸೈಕಲ್ಲಿಗೆ ಬೇರೆ ಚರಿತ್ರೆಯೂ ಇದೆ. 1983ರಲ್ಲಿ ಕಾನ್ಶಿರಾಂ ಸೈಕಲ್ ಜಾಥಾ ಹೊರಟು ಕೇರಿಕೇರಿಯ ಜನರನ್ನು ಕಂಡರು. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತು ರಸ್ತೆಗಿಳಿದರು. ಅವರು ಮಾತಾಡಲು ಹೋದರು, ಕಲಿಯಲು ಹೋದರು.

ಹಾಗಾದರೆ ಪ್ರವಾಸಿಯನ್ನು ಓಡಿಸಬೇಕೆ? ಬೇಡ. ಬಂದವನಿಗೆ ನೀರು ಕೊಡುವುದು ನಮ್ಮ ಕೇರಿಗೂ ಗೊತ್ತು. ಕೇರಿಯ ನೀರನ್ನು ಆತ ಕುಡಿಯಬೇಕು, ಅಷ್ಟೆ. ಸವಾರಿ ಕೇರಿಯಿಂದ ಹೊರಡಲಿ. ಕೇರಿಯ ಹುಡುಗಿಯೇ ದಾರಿ ತೋರಿಸಲಿ. ಫಾರಂ ಗೇಟಿನ ಮುಂದೆ ನಿಂತು ಆಕೆ ಹೇಳಲಿ: ದಲಿತ ಮನೆಯಿಂದ ಬಂದ ವಿಜ್ಞಾನಿ ಲಕ್ಷ್ಮಣಯ್ಯ ಇಲ್ಲೇ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ನಾಡಿನ ಮುದ್ದೆ ದೊಡ್ಡದಾಯಿತು.

ನೋಡುವವನು ನೋಡಿಸಿಕೊಳ್ಳಲೂ ತಯಾರಿರಬೇಕು. ಜಗಲಿ ಮೇಲೆ ಕೂತ ಅಜ್ಜಿ ಅವನನ್ನು ಕೇಳುತ್ತಾಳೆ: ‘ನಿಮ್ದು ಯಾವೂರು ಸ್ವಾಮಿ? ಆ ಊರಲ್ಲಿ ನಮ್ಮಂಥೋರು ಎಲ್ಲವ್ರೆ?’ ಸೈಕಲ್ ನಿಲ್ಲಿಸಿ ಇದಕ್ಕೆ ಉತ್ತರ ಹೇಳಲಿ. ಆಮೇಲೆ ಊರು ನೋಡಲಿ.