ಮಣ್ಣಿನ ಬಂಧ, ಕರ್ಮದ ಬಂಧ

ಜೈನ ದರ್ಶನದ ಪ್ರಕಾರ ಕರ್ಮವು ಸೂಕ್ಷ್ಮವಾದ ಪುದ್ಗಲ, ಎಂದರೆ ಜಡದ್ರವ್ಯ. ಮನಸ್ಸು, ಮಾತು, ಕಾಯಗಳ ಚಲನೆಯಿಂದ ಅದು ಜೀವದ ಕಡೆಗೆ ಹರಿದುಬರುವುದನ್ನು ಆಸ್ರವವೆಂದೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಅಂಟಿನಿಂದ ಅಲ್ಲಿಯೇ ಕಚ್ಚಿಕೊಳ್ಳುವುದನ್ನು ಬಂಧವೆಂದೂ, ಬಳಿಕ ಉದುರಿಹೋಗುವುದನ್ನು ನಿರ್ಜರೆಯೆಂದೂ ಕರೆಯಲಾಗಿದೆ. ಬಂಧವನ್ನು ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶ, ಅಂದರೆ ಸ್ವಭಾವ, ಅವಧಿ, ತೀವ್ರತೆ, ಪ್ರಮಾಣ ಎಂಬ ನಾಲ್ಕು ಬಗೆಗಳಲ್ಲಿ ಅಳೆಯುವ ಈ ವಿಚಾರ ಬೆಂಗಳೂರು ಗ್ರಾಮಾಂತರದ ನೆಲಕ್ಕೆ ಹೊಸದಲ್ಲ. ಜೈನಧರ್ಮಕ್ಕೆ ಆಶ್ರಯ ಕೊಟ್ಟ ಗಂಗರು 8ನೇ ಶತಮಾನದಲ್ಲಿ ನೆಲೆಸಿದ್ದ ಮಣ್ಣೆ ಇರುವುದು ನೆಲಮಂಗಲ ತಾಲ್ಲೂಕಿನಲ್ಲಿಯೇ.

ಅದೇ ನೆಲಕ್ಕೆ ಇಂದು ಬೀಳುತ್ತಿರುವ ಕಳೆನಾಶಕದ ಗತಿಯನ್ನು ಹೇಳುವುದಕ್ಕೂ ಈ ಪರಿಭಾಷೆ ಅಚ್ಚರಿಯಾಗುವಷ್ಟು ಹೊಂದುತ್ತದೆ. (ರೈತರ ಬಾಯಲ್ಲಿ ಅದು ‘ಕಳೆ ಔಷಧಿ’, ವಿಷಕ್ಕೆ ಔಷಧಿಯ ಹೆಸರು ಬಂದದ್ದೇ ಒಂದು ಧರ್ಮಸೂಕ್ಷ್ಮ.) ಜಿಲ್ಲೆಯ ಹೆಚ್ಚಿನ ಹೊಲಗಳಲ್ಲಿರುವುದು ಮರಳು ಬೆರೆತ ಕೆಂಪು ಮಣ್ಣು, ಅದರ ಬಣ್ಣಕ್ಕೆ ಕಾರಣವಾದ ಕಬ್ಬಿಣದ ಆಕ್ಸೈಡುಗಳು ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಆದರೆ ರಂಜಕವೂ ಅದೇ ತಾಣಗಳಿಗೆ ಅಂಟುವುದರಿಂದ ಡಿಎಪಿ ಗೊಬ್ಬರವನ್ನು ಧಾರಾಳವಾಗಿ ಸುರಿದ ಹೊಲದಲ್ಲಿ ಆ ಹಿಡಿತ ಸಡಿಲವಾಗಬಹುದು. ಮೆಕ್ಕೆಜೋಳಕ್ಕೆ ಬಳಸುವ ಅಟ್ರಜಿನ್ನಿನ ಸ್ವಭಾವವೇ ಬೇರೆ: ಅದಕ್ಕೆ ಅಂಟಿಕೊಳ್ಳಲು ಮುಖ್ಯವಾಗಿ ಸಾವಯವ ಅಂಶ ಬೇಕು, ಕೆಂಪು ಮಣ್ಣಿನಲ್ಲಿ ಅದೇ ಕಡಿಮೆ, ಆದ್ದರಿಂದ ಮಳೆಯ ನೀರಿನೊಡನೆ ಅದು ಕೆಳಕ್ಕೆ ಬಸಿಯುತ್ತದೆ. ಅಂತರ್ಜಲದಲ್ಲಿ ಅದು ಮಿತಿಮೀರುವುದಿಲ್ಲವೆಂದು ತೋರಿಸಲಾಗದ್ದರಿಂದಲೇ ಐರೋಪ್ಯ ಒಕ್ಕೂಟ 2004ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. 2,4-ಡಿ ಎಂಬುದು ಮಣ್ಣಿಗೆ ಬಹುಮಟ್ಟಿಗೆ ಅಂಟುವುದೇ ಇಲ್ಲ, ಆದರೆ ತೇವವಿದ್ದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೆಲವೇ ವಾರಗಳಲ್ಲಿ ಒಡೆದುಹಾಕುತ್ತವೆ. ಸ್ಥಿತಿ ಅಲ್ಪವಾದ ಕರ್ಮದಂತೆ. ಕೆರೆಯ ಅಚ್ಚುಕಟ್ಟಿನ ಜೇಡಿಮಣ್ಣಿನಲ್ಲಿ ನೀರಿನ ನಡೆಯೂ ನಿಧಾನ, ಹಿಡಿತವೂ ಹೆಚ್ಚು.

ಹೋಲಿಕೆ ಇಲ್ಲಿಗೇ ನಿಂತಿದ್ದರೆ ಅದು ಬರಿಯ ಚಮತ್ಕಾರವಾಗುತ್ತಿತ್ತು. ಜೀವಕ್ಕೆ ಬಂಧವೇ ಕೇಡು; ನೀರಿನ ಪಾಲಿಗಾದರೋ ಮಣ್ಣಿನ ಬಂಧವೇ ಕಾವಲು. ಆ ಕಾವಲೂ ಪೂರ್ಣವಲ್ಲ, ಏಕೆಂದರೆ ಇಳಿಜಾರಿನ ಕೆಂಪು ಹೊಲದಲ್ಲಿ ಮೇಲ್ಪದರ ಹಕ್ಕಳೆಗಟ್ಟಿ ಬಿರುಮಳೆಯ ನೀರು ಇಂಗದೆ ಹರಿದಾಗ, ಅಂಟಿದ ವಿಷವೂ ಮಣ್ಣಿನ ಕಣದೊಡನೆ ಕೊಚ್ಚಿಹೋಗುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟದ ಕಡೆಗೆ ಇಳಿಯುವುದರಿಂದ, ಒಂದು ಹೊಲ ಬಿಟ್ಟುಕೊಟ್ಟದ್ದು ಇನ್ನೊಂದು ಊರಿನ ಪಾಲಾಗುತ್ತದೆ. ಒಬ್ಬನ ಕರ್ಮದ ಫಲವನ್ನು ಇನ್ನೊಬ್ಬ ಉಣ್ಣಲಾರನೆಂಬುದು ಜೈನರ ಖಚಿತ ನಿಲುವು. ವಿಷದ ಲೆಕ್ಕದಲ್ಲಿ ಮಾತ್ರ ಕರ್ತೃ ಒಬ್ಬ, ಭೋಕ್ತೃ ಇನ್ನೊಬ್ಬ.

ಹಾಗಾದರೆ ಸಿಂಪಡಿಸಿದವನ ಹೊಣೆ ಎಷ್ಟು? ವ್ಯವಸಾಯವನ್ನು ಜೈನಧರ್ಮ ಹಳಿಯುವುದಿಲ್ಲ. ಕೃಷಿಯನ್ನು ಕಲಿಸಿದವನು ಮೊದಲ ತೀರ್ಥಂಕರ ಆದಿನಾಥನೇ ಎಂಬುದು ಅದರ ನಂಬಿಕೆ, ಉಳುವಾಗ ಆಗುವ ಜೀವಹಾನಿ ಉದ್ಯೋಗೀ ಹಿಂಸೆ, ಅಂದರೆ ಗೃಹಸ್ಥನಿಗೆ ಬದುಕಿನ ಕಾರಣಕ್ಕೆ ಅನಿವಾರ್ಯವೆಂದು ಒಪ್ಪಿದ ಹಿಂಸೆ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ, ಎಂದರೆ ಎಚ್ಚರಗೇಡಿತನಕ್ಕೆ, ಮುಖ್ಯ ಸ್ಥಾನ ಕೊಡುತ್ತದೆ. ಯಾವ ಮಣ್ಣು ಯಾವ ವಿಷವನ್ನು ಹಿಡಿಯುತ್ತದೆಂಬುದು ತಿಳಿಯದಿದ್ದ ಕಾಲದಲ್ಲಿ ವಿವೇಚನೆಯಿಲ್ಲದ ಸಿಂಪರಣೆ ಅಜ್ಞಾನ. ತಿಳಿದ ಮೇಲೆ ಪ್ರಮಾದ. ಕೂಲಿಯಾಳು ಸಿಗದೆ ಕುಂಟೆ ಬಿಟ್ಟು ಸಿಂಪರಣೆಗೆ ಇಳಿದ ರಾಗಿಯ ರೈತನಿಗಿಂತ, ಮಣ್ಣು ಯಾವುದೆಂದು ಕೇಳದೆಯೇ ಡಬ್ಬಿ ಮಾರುವವನ ಮೇಲೆ ಈ ಮಾತು ಹೆಚ್ಚು ಕಟುವಾಗಿ ಬೀಳುತ್ತದೆ, ಏಕೆಂದರೆ ಶ್ರಾವಕರು, ಎಂದರೆ ಜೈನ ಗೃಹಸ್ಥರು, ವರ್ಜಿಸಬೇಕಾದ ಹದಿನೈದು ವೃತ್ತಿಗಳಲ್ಲಿ ವಿಷವಾಣಿಜ್ಯವೂ ಒಂದು.

2015ರಲ್ಲಿ ಆರಂಭವಾದ ಯೋಜನೆಯಡಿ ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲದ ಅಂಕಿ ನಮೂದಾಗಿರುತ್ತದೆ. ಕಳೆನಾಶಕವನ್ನು ಕೊಳ್ಳುವವನೂ ಮಾರುವವನೂ ಮೊದಲು ಆ ಅಂಕಿಯನ್ನು ನೋಡಲಿ.