ಏಕವಚನ, ಬಹುವಚನ ಮತ್ತು ಮರ್ಯಾದೆ

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ನಮಗೆ, ಮನೆಯವರನ್ನು ಇಂಗ್ಲಿಷಿನಲ್ಲಿ ಪರಿಚಯ ಮಾಡಿಕೊಡುವ ಪ್ರಸಂಗ ಆಗಾಗ ಬರುತ್ತದೆ. ‘ಇವರು ನಮ್ಮ ತಂದೆ, ರೈಲ್ವೆಯಲ್ಲಿದ್ದರು’ ಎಂದು ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಾದರೋ ‘ದಿಸ್ ಈಸ್ ಮೈ ಫಾದರ್’ ಎನ್ನಬೇಕು. ಮುಂದಿನ ವಾಕ್ಯದಲ್ಲಿ ತಂದೆಯವರು ಬರೀ ‘ಹಿ’ ಆಗಿಬಿಡುತ್ತಾರೆ. ಗೌರವಕ್ಕೆಂದು ‘ದೀಸ್ ಆರ್ ಮೈ ಫಾದರ್’ ಎಂದರೆ ಕೇಳಿದವರು ನಗುತ್ತಾರೆ. ಹಾಗಾದರೆ ತಂದೆಯ ಮರ್ಯಾದೆ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ‘ಹಿ’ ಎನ್ನುವ ಇಂಗ್ಲಿಷರ ಮಗ ತನ್ನ ತಂದೆಯನ್ನು ಹೀಗಳೆಯುತ್ತಿಲ್ಲ. ಕನ್ನಡದಲ್ಲಿಯೂ ಏಕವಚನವೆಂದರೆ ಅಗೌರವವೇ ಅಲ್ಲ. ಎಷ್ಟೋ ಮನೆಗಳಲ್ಲಿ ಅಮ್ಮನನ್ನು ‘ನೀನು’ ಎನ್ನುತ್ತೇವೆ. ದೇವರನ್ನಂತೂ ‘ನೀನೇ ಕಾಪಾಡಪ್ಪ’ ಎಂದೇ ಬೇಡುತ್ತೇವೆ. ಅದು ಸಲಿಗೆಯ ಏಕವಚನ. ಆದರೆ ನಮ್ಮಲ್ಲಿ ಇನ್ನೊಂದು ಏಕವಚನವೂ ಇದೆ.

ಪಾತ್ರೆ ತಿಕ್ಕಲು ಬರುವ ಹೆಂಗಸು ‘ಅವಳು’. ಅರವತ್ತು ದಾಟಿದ ಕಟ್ಟಡದ ಕಾವಲುಗಾರ ‘ಅವನು’. ಮೇಲಿನ ಮಹಡಿಗೆ ಹೊಸದಾಗಿ ಬಂದ ಇಪ್ಪತ್ತೈದರ ಮ್ಯಾನೇಜರು ‘ಅವರು’. ಇಲ್ಲಿ ಅಳತೆ ವಯಸ್ಸಿನದಲ್ಲ, ಸಂಬಳದ್ದು. ಯಾರಿಗೆ ಯಾವ ವಚನವೆಂದು ನಮ್ಮ ಮಕ್ಕಳು ವ್ಯಾಕರಣ ಪುಸ್ತಕದಿಂದ ಕಲಿಯುವುದಿಲ್ಲ, ನಮ್ಮ ಬಾಯಿಂದ ಕಲಿಯುತ್ತಾರೆ. ಅದೇ ಮಗು ಇಂಗ್ಲಿಷಿನಲ್ಲಿ ಮಾತಾಡುವಾಗ ಅಜ್ಜನೂ ‘ಹಿ’, ಕಾವಲುಗಾರನೂ ‘ಹಿ’. ನಾವು ಕೊರತೆಯೆಂದುಕೊಂಡದ್ದರಲ್ಲಿ ಒಂದು ನ್ಯಾಯವೂ ಇದೆಯಲ್ಲ!

ಈ ಸಮತೆ ಇಂಗ್ಲಿಷಿಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಕಾಲದಲ್ಲಿ ಅಲ್ಲಿಯೂ ಒಬ್ಬನಿಗೆ ‘ದೌ’, ಹಲವರಿಗೆ ‘ಯೂ’ ಎಂದಿತ್ತು. ಬರಬರುತ್ತ ದೊಡ್ಡವರು ಒಬ್ಬರೇ ಇದ್ದರೂ ‘ಯೂ’, ಆಳಿಗೆ ‘ದೌ’ ಎಂಬ ರೂಢಿ ಬಿತ್ತು. 17ನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವರ ಕ್ವೇಕರ್ ಪಂಥದವರು ಇದನ್ನು ಒಪ್ಪಲಿಲ್ಲ. ದೇವರ ಮುಂದೆ ಎಲ್ಲರೂ ಸಮಾನರೆಂದು ನ್ಯಾಯಾಧೀಶರನ್ನೂ ‘ದೌ’ ಎಂದೇ ಕರೆದರು. ಅದಕ್ಕಾಗಿ ಬೈಗುಳವನ್ನೂ ಏಟನ್ನೂ ತಿಂದರು. 1660ರಲ್ಲಿ ಫಾಕ್ಸ್ ಮತ್ತು ಸಂಗಡಿಗರಿಬ್ಬರು ಏಕವಚನ ಬಹುವಚನಗಳ ಬಗ್ಗೆ, ಹಲವು ಭಾಷೆಗಳ ಉದಾಹರಣೆ ಕೊಟ್ಟು, ಪುಸ್ತಕವನ್ನೇ ಅಚ್ಚು ಹಾಕಿಸಿದರು. ಆದರೆ ಜನಸಾಮಾನ್ಯರು ಹಿಡಿದದ್ದು ಬೇರೆ ದಾರಿ. ಎಲ್ಲರನ್ನೂ ‘ದೌ’ಗೆ ಇಳಿಸುವ ಬದಲು ಎಲ್ಲರನ್ನೂ ‘ಯೂ’ಗೆ ಏರಿಸಿದರು. ಇಂದು ದೊರೆಗೂ ಆಳಿಗೂ ಒಂದೇ ‘ಯೂ’.

ಈಚೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಪ್ರಶ್ನೆ ಎದ್ದಿದೆ. ಗಂಡು ಅಥವಾ ಹೆಣ್ಣು ಎಂದು ಗುರುತಿಸಿಕೊಳ್ಳದ ಕೆಲವರು, ತಮ್ಮನ್ನು ‘ದೇ’ ಎಂದು ಪರಿಚಯಿಸಿರಿ ಎನ್ನುತ್ತಾರೆ. ಮೆರಿಯಂ-ವೆಬ್‌ಸ್ಟರ್ ನಿಘಂಟು 2019ರಲ್ಲಿ ಈ ಅರ್ಥವನ್ನು ಸೇರಿಸಿಕೊಂಡಿತು. ಒಬ್ಬರಿಗೆ ಬಹುವಚನವೇ ಎಂದು ಹುಬ್ಬೇರಿಸುವವರಿದ್ದಾರೆ. ಕನ್ನಡಿಗರಾದ ನಾವು ಹುಬ್ಬೇರಿಸಬೇಕಾಗಿಲ್ಲ. ನಮ್ಮ ‘ಅವರು’ ಒಬ್ಬರಿಗೂ ಸಲ್ಲುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವುದೂ ಇಲ್ಲ. ಒಬ್ಬರು ತಮ್ಮನ್ನು ಹೀಗೆ ಕರೆಯಿರಿ ಎಂದು ಕೇಳಿಕೊಂಡರೆ ಹಾಗೆ ಕರೆಯುವುದು ಸೌಜನ್ಯ. ಅದರಿಂದ ನಮ್ಮ ಗಂಟೇನೂ ಹೋಗುವುದಿಲ್ಲ.

ಎಲ್ಲರಿಗೂ ‘ಅವರು’ ಎಂದರೆ ಆ ಮಾತಿನ ಬೆಲೆ ಇಳಿಯುವುದಿಲ್ಲವೇ, ಸಲಿಗೆ ಸಾಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸುಳ್ಳಲ್ಲ. ‘ದೌ’ ಬಿಟ್ಟ ಇಂಗ್ಲಿಷು ಆಪ್ತತೆಯ ಒಂದು ಮಾತನ್ನು ಕಳೆದುಕೊಂಡಿತು. ನಾವು ಕಳೆದುಕೊಳ್ಳಬೇಕಿಲ್ಲ. ಮಕ್ಕಳ ಮಾತು ಬಿಡಿ. ದೊಡ್ಡವರ ನಡುವೆ ಒಂದು ಸುಲಭದ ಪರೀಕ್ಷೆಯುಂಟು. ನಾವು ಯಾರನ್ನು ‘ನೀನು’ ಎನ್ನುತ್ತೇವೆಯೋ ಅವರು ತಿರುಗಿ ನಮ್ಮನ್ನು ‘ನೀನು’ ಎನ್ನಬಲ್ಲರೇ? ಅಮ್ಮ ಎನ್ನುತ್ತಾಳೆ, ಬಾಲ್ಯದ ಗೆಳೆಯ ಎನ್ನುತ್ತಾನೆ. ಅದು ಸಲಿಗೆ. ಕಾವಲುಗಾರರು ಎನ್ನಲಾರರು. ಅಂದಮೇಲೆ ಅದು ಸಲಿಗೆಯಲ್ಲ, ದರ್ಪ.

ಇಂಗ್ಲಿಷಿನಲ್ಲಿ ತಂದೆಯನ್ನು ‘ಹಿ’ ಎನ್ನಲು ನಾವು ನಾಚಬೇಕಾದ್ದಿಲ್ಲ. ನಾಚಿಕೆಪಡಬೇಕಾದದ್ದು ನಮ್ಮ ಮನೆಯೊಳಗೆ, ನಮ್ಮ ಕನ್ನಡದಲ್ಲಿ, ದುಡಿಯುವ ಹಿರಿಯರಿಗೆ ಒಂದು ‘ಅವರು’ ಕೊಡಲು ಹಿಂಜರಿಯುವುದಕ್ಕೆ.