ಕೈಯಲ್ಲಿ ಕೆಲಸವಿದ್ದ ಸಂತರು

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಖಾರವಾಗಿರುತ್ತದೆ. ಸೋಮವಾರ, ಗುರುವಾರದ ಪೇಟೆಗೆ ಮೆಣಸಿನಕಾಯಿ ಚೀಲಗಳು ಮುಂಚಿತವಾಗಿಯೇ ಬಂದು ಸಾಲುಗಟ್ಟುತ್ತವೆ. ಬೆಳಕು ಹರಿಯುತ್ತಿದ್ದಂತೆ ಹೆಣ್ಣುಮಕ್ಕಳು ರೊಟ್ಟಿ ಬುತ್ತಿ ಕಟ್ಟಿಕೊಂಡು ತೊಟ್ಟು ಬಿಡಿಸಲು ಹೊರಡುತ್ತಾರೆ. ಮೂಗು ಬಾಯಿಗೆ ಸೆರಗು ಸುತ್ತಿ ಕೆಂಪು ರಾಶಿಯ ಮುಂದೆ ಕೂತರೆ ಮತ್ತೆ ಏಳುವುದು ಉಣ್ಣುವ ಹೊತ್ತಿಗೆ. ಸಂಜೆ ಮನೆಗೆ ಬಂದ ತಾಯಿ ಕೂಸನ್ನು ಎತ್ತಿಕೊಳ್ಳುವ ಮೊದಲು ಅಂಗೈಗೆ ಎಣ್ಣೆ ತಿಕ್ಕಿ ತೊಳೆದುಕೊಳ್ಳುತ್ತಾಳೆ. ಆ ಕೈ ಹಾಗೇ ಮುಟ್ಟಿದರೆ ಕೂಸಿನ ಕಣ್ಣು ಉರಿಯುತ್ತದೆ.

ಈ ತಾಯಿಯ ಮಗುವಿಗೆ ಕ್ಯಾಥೊಲಿಕ್ ಸಂತರನ್ನು, ಕನ್ಯಾಸ್ತ್ರೀಯರನ್ನು ಪರಿಚಯ ಮಾಡಿಸಬೇಕಾದರೆ ಎಲ್ಲಿಂದ ಶುರುಮಾಡಬೇಕು? ಧರ್ಮೋಪದೇಶದ ತರಗತಿಯಲ್ಲಿ ಕೂರುವ ನಾಲ್ಕಾರು ಕ್ರೈಸ್ತ ಮಕ್ಕಳ ಮಾತಷ್ಟೇ ಅಲ್ಲ ಇದು. ನಮ್ಮ ಹಾವೇರಿ ಸೀಮೆಯಲ್ಲಿ ಸಿಸ್ಟರ್‌ಗಳ ಹತ್ತಿರ ಅಕ್ಷರ ಕಲಿಯುವ, ಅವರ ಕೈಯಿಂದ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುವ ಮಕ್ಕಳಲ್ಲಿ ಹೆಚ್ಚಿನವರು ಬೇರೆ ಬೇರೆ ಮನೆದೇವರ ಮಕ್ಕಳೇ. ದಿನವೂ ಕಣ್ಣೆದುರು ಓಡಾಡುವ ಈ ಹೆಂಗಸರು ಯಾರು, ಯಾಕೆ ಹೀಗೆ ಬದುಕುತ್ತಾರೆ ಎಂಬ ಕುತೂಹಲ ಆ ಮಕ್ಕಳಿಗೆಲ್ಲ ಇದೆ.

ಸಾಮಾನ್ಯವಾಗಿ ನಾವು ಚಿತ್ರಪಟದಿಂದ ಶುರುಮಾಡುತ್ತೇವೆ. ಮೇಲಕ್ಕೆತ್ತಿದ ಕಣ್ಣು, ಜೋಡಿಸಿದ ಕೈ, ತಲೆಯ ಸುತ್ತ ಬಂಗಾರದ ಪ್ರಭೆ. "ಇವ್ರ ತಲಿ ಹಿಂದ ತಾಟು ಯಾಕ ಇಟ್ಟಾರ್ರಿ?" ಎಂದು ಒಂದು ಮಗು ಕೇಳಿತ್ತು. ಅದು ಸರಿಯಾದ ಪ್ರಶ್ನೆ. ಪ್ರಭೆಯನ್ನು ಮೊದಲು ತೋರಿಸಿದರೆ ಮಗುವಿಗೆ ಮನುಷ್ಯಳು ಕಾಣುವುದಿಲ್ಲ. ಆಕೆ ಹುಟ್ಟುವಾಗಲೇ ಹಾಗಿದ್ದಳು, ನಮಗೂ ಆಕೆಗೂ ಸಂಬಂಧವಿಲ್ಲ ಎಂದುಕೊಂಡು ಮಗು ಕೈಮುಗಿದು ಮುಂದೆ ಹೋಗಿಬಿಡುತ್ತದೆ. ಮೊದಲು ಕೆಲಸ ತೋರಿಸಬೇಕು. ಆ ಸಂತಳ ಕೈಯಲ್ಲಿ ಏನಿತ್ತು, ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಳು, ಯಾರ ಜೊತೆ ಕಷ್ಟಪಟ್ಟಳು ಎಂಬುದನ್ನು ಹೇಳಬೇಕು. ಪ್ರಭೆಯ ಮಾತು ಆಮೇಲೆ.

ಆ ಬ್ಯಾಡಗಿಯ ಮಗುವಿಗೆ ನಾನು ಮೊದಲು ಹೇಳುವುದು ಮರಿಯಂ ಬಾವರ್ದಿಯ ಕಥೆಯನ್ನು.

ಮರಿಯಂ ಹುಟ್ಟಿದ್ದು 1846ರ ಜನವರಿ 5ರಂದು, ಯೇಸು ಓಡಾಡಿದ ಗಲಿಲೇಯ ಸೀಮೆಯ ಇಬಿಲ್ಲೀನ್ ಎಂಬ ಹಳ್ಳಿಯಲ್ಲಿ. ತಿಳಿವಳಿಕೆ ಬರುವ ಮೊದಲೇ ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ಇದ್ದ ಒಬ್ಬ ತಮ್ಮನನ್ನು ಒಂದು ಮನೆಯವರು, ಇವಳನ್ನು ಇನ್ನೊಂದು ಮನೆಯವರು ಸಾಕಿದರು. ಕಾಕಾ ಆಕೆಯನ್ನು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಕರೆದೊಯ್ದ. ಹದಿಮೂರರ ಹೊತ್ತಿಗೆ ಮದುವೆ ಗೊತ್ತುಮಾಡಿದರು. ಹುಡುಗಿ ಒಲ್ಲೆ ಅಂದಳು, ತಲೆಗೂದಲು ಕತ್ತರಿಸಿಕೊಂಡಳು. ಸಿಟ್ಟಿಗೆದ್ದ ಕಾಕಾ ಆಳುಗಳ ಜೊತೆ ಅಡುಗೆಮನೆಯ ದುಡಿತಕ್ಕೆ ಹಚ್ಚಿದ. ಆ ಮನೆ ಬಿಟ್ಟ ಮೇಲೆಯೂ ವರ್ಷಗಟ್ಟಲೆ ಆಕೆ ಮಾಡಿದ್ದು ಮನೆಗೆಲಸವನ್ನೇ. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಲ್. ಊರು ಬದಲಾಯಿತು, ಯಜಮಾನರು ಬದಲಾದರು, ಕೈಯಲ್ಲಿದ್ದ ಪಾತ್ರೆ, ಬಟ್ಟೆ, ಕಸಬರಿಗೆ ಬದಲಾಗಲಿಲ್ಲ. ಓದು ಬರಹ ಆಕೆಗೆ ಸರಿಯಾಗಿ ಒಲಿಯಲೇ ಇಲ್ಲ. ಫ್ರೆಂಚ್ ಮಾತಾಡಿದರೆ ತಪ್ಪು ತಪ್ಪಾಗಿ ಬರುತ್ತಿತ್ತು.

1867ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠ ಆಕೆಯನ್ನು ಸೇರಿಸಿಕೊಂಡಿತು. ಅಲ್ಲಿಂದ ಮೂರು ವರ್ಷಕ್ಕೆ ಆ ಸಿಸ್ಟರ್‌ಗಳ ಒಂದು ಗುಂಪು ಹಡಗು ಹತ್ತಿ ನಮ್ಮ ಕಡೆಗೆ ಹೊರಟಿತು. ದಾರಿಯಲ್ಲೇ ಕೆಲವರು ತೀರಿಕೊಂಡರು. ಉಳಿದವರು 1870ರ ಕೊನೆಯ ಭಾಗದಲ್ಲಿ ಬಂದು ಇಳಿದದ್ದು ಮಂಗಳೂರಿನಲ್ಲಿ. ಅವರೊಳಗೆ ಮರಿಯಂ ಕೂಡ ಇದ್ದಳು. ಮಂಗಳೂರಿನ ಮಠದಲ್ಲಿಯೂ ಆಕೆಯ ಪಾಲಿಗೆ ಅಡುಗೆಮನೆ. 1871ರ ನವೆಂಬರ್ 21ರಂದು ಆಕೆ ತನ್ನ ವ್ರತವನ್ನು ಸ್ವೀಕರಿಸಿದ್ದು ಕರ್ನಾಟಕದ ಈ ನೆಲದ ಮೇಲೆ ನಿಂತು. ಅಲ್ಲಿಯೂ ನೆಮ್ಮದಿ ಸಿಗಲಿಲ್ಲ. ಆಕೆಗಾಗುತ್ತಿದ್ದ ದರ್ಶನಗಳನ್ನು ಹಿರಿಯರು ನಂಬಲಿಲ್ಲ. 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ತಿರುಗಿ ಕಳಿಸಿದರು. 1875ರಲ್ಲಿ ಆಕೆ ಮತ್ತೆ ಹೊರಟು ಬೆತ್ಲೆಹೇಮಿನಲ್ಲಿ ಒಂದು ಮಠ ಕಟ್ಟಿಸಲು ನಿಂತಳು. 1878ರ ಆಗಸ್ಟಿನ ಬಿಸಿಲಿನಲ್ಲಿ, ಕಟ್ಟಡದ ಕೆಲಸಗಾರರಿಗೆ ಕುಡಿಯುವ ನೀರು ಹೊತ್ತೊಯ್ಯುವಾಗ ಬಿದ್ದು ಕೈ ಮುರಿದುಕೊಂಡಳು. ಗಾಯಕ್ಕೆ ನಂಜೇರಿತು. ಆ ತಿಂಗಳ 26ರಂದು ತೀರಿಕೊಂಡಳು. ವಯಸ್ಸು 32. ಪೋಪ್ ಫ್ರಾನ್ಸಿಸ್ ಆಕೆಗೆ ಸಂತ ಪದವಿ ಕೊಟ್ಟದ್ದು 2015ರ ಮೇ 17ರಂದು.

ಒಬ್ಬ ಮನೆಗೆಲಸದವಳು, ಸರಿಯಾಗಿ ಓದಲು ಬಾರದವಳು, ಅಡುಗೆ ಮಾಡಿದವಳು, ಕೂಲಿಕಾರರಿಗೆ ನೀರು ಕೊಡಲು ಹೋಗಿ ಜೀವ ಬಿಟ್ಟವಳು. ಸಂತರ ಸಾಲಿನಲ್ಲಿರುವ ಈ ಹೆಣ್ಣುಮಗಳು ಕರ್ನಾಟಕದ ಒಂದು ಅಡುಗೆಮನೆಯಲ್ಲಿ ಒಲೆ ಊದಿದ್ದಾಳೆ ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ದೂರದ ರೋಮಿನ, ಪ್ಯಾರಿಸಿನ ಹೆಸರುಗಳನ್ನು ಬಾಯಿಪಾಠ ಮಾಡಿಸುವ ನಾವು ಇದನ್ನು ಹೇಳದೆ ಬಿಟ್ಟಿದ್ದೇವೆ. ನನಗೆ ಇದು ನೋವಿನ ಸಂಗತಿ. ಅಂಗೈ ಉರಿಯುವ ತಾಯಿಯ ಮಗು ಮರಿಯಂಳನ್ನು ತನ್ನ ಮನೆಯವಳು ಎಂದುಕೊಳ್ಳುತ್ತದೆ. ಅದಕ್ಕೆ ಯಾರೂ ವ್ಯಾಖ್ಯಾನ ಕೊಡಬೇಕಾಗಿಲ್ಲ.

ಇಂಥ ಕಥೆಗೆ ನಮ್ಮ ನೆಲದ ಮಕ್ಕಳ ಕಿವಿ ಮೊದಲೇ ಹದವಾಗಿದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ಹೋದರೆ ನೆನಪಾಗುವ ಶರಣನನ್ನು ನಾವು ಇವತ್ತಿಗೂ ಕರೆಯುವುದು ಅಂಬಿಗರ ಚೌಡಯ್ಯನೆಂದೇ. ದೋಣಿಯ ಹುಟ್ಟನ್ನು ಆತನ ಕೈಯಿಂದ ಯಾರೂ ಕಸಿದುಕೊಂಡಿಲ್ಲ. ಮಡಿವಾಳ ಮಾಚಯ್ಯನ ಬಟ್ಟೆಯ ಗಂಟು, ಆಯ್ದಕ್ಕಿ ಲಕ್ಕಮ್ಮನ ಅಕ್ಕಿ ಎಲ್ಲವೂ ಹಾಗೆಯೇ ಅವರವರ ಜೊತೆಗಿವೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರ ಕೈಯಲ್ಲಿ ತಂಬೂರಿ, ಹೆಗಲ ಮೇಲೆ ಕಂಬಳಿ ಇಲ್ಲದ ಚಿತ್ರವನ್ನು ನಮ್ಮ ಮಕ್ಕಳು ಕಂಡಿಲ್ಲ. ಇಂಥ ಮಕ್ಕಳಿಗೆ ಬರಿಗೈಯ ಸಂತರನ್ನು ತೋರಿಸಿದರೆ ಅವರಿಗೆ ಗುರುತೇ ಹತ್ತುವುದಿಲ್ಲ.

ಫ್ರಾನ್ಸಿನ ಲಿಸ್ಯೂ ಎಂಬ ಊರಿನ ಸಂತ ತೆರೇಸಳ ಕಥೆಯನ್ನೂ ಹೀಗೇ ಕೆಲಸದ ಕಡೆಯಿಂದ ಹೇಳಬಹುದು. 1873ರಲ್ಲಿ ಹುಟ್ಟಿ, 15ಕ್ಕೆ ಮಠ ಸೇರಿ, 24ಕ್ಕೆ ಕ್ಷಯದಿಂದ ತೀರಿಕೊಂಡ ಹುಡುಗಿ ಆಕೆ. ಮಠದ ಗೋಡೆಯಾಚೆ ಯಾವ ದೊಡ್ಡ ಕೆಲಸವನ್ನೂ ಮಾಡಲಿಲ್ಲ. ಆದರೆ ಬಟ್ಟೆ ಒಗೆಯುವ ಜಾಗದಲ್ಲಿ ನಡೆದ ಒಂದು ಸಂಗತಿಯನ್ನು ಆಕೆಯೇ ಬರೆದಿಟ್ಟಿದ್ದಾಳೆ. ಎದುರಿಗೆ ನಿಂತು ಕರವಸ್ತ್ರ ಒಗೆಯುತ್ತಿದ್ದ ಇನ್ನೊಬ್ಬ ಸಿಸ್ಟರ್ ಪ್ರತಿ ಸಲ ಬಟ್ಟೆ ಎತ್ತಿದಾಗಲೂ ಕೊಳೆನೀರು ತೆರೇಸಳ ಮುಖಕ್ಕೆ ಸಿಡಿಯುತ್ತಿತ್ತು. ಹಿಂದೆ ಸರಿದು, ಅವರಿಗೆ ಗೊತ್ತಾಗುವ ಹಾಗೆ ಮುಖ ಒರೆಸಿಕೊಳ್ಳಬೇಕು ಎಂದು ಮೊದಲು ಅನ್ನಿಸಿತು. ಆಮೇಲೆ ಸರಿಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಕೆರೆಯ ದಂಡೆಯಲ್ಲೋ ನಳದ ಮುಂದೆಯೋ ಅಕ್ಕನ ಜೊತೆ ಬಟ್ಟೆ ಒಗೆದು ಮೈಯೆಲ್ಲ ತೋಯಿಸಿಕೊಂಡ ಯಾವ ಹುಡುಗಿಗೂ ಆ ಸಿಟ್ಟು ಗೊತ್ತು. ಮೊದಲು ಹಾಗೆ ಅನ್ನಿಸಿತು ಎಂದು ಸಂತಳೇ ಒಪ್ಪಿಕೊಂಡಿದ್ದಾಳೆ ಎಂಬುದನ್ನು ಮಾತ್ರ ಹೇಳುವಾಗ ಮರೆಯಬಾರದು. ಅದನ್ನು ಬಿಟ್ಟರೆ ಕಥೆಯಲ್ಲಿ ಉಪ್ಪೇ ಇರುವುದಿಲ್ಲ.

ಹೇಳಲು ಕಷ್ಟವಾದ ಭಾಗಗಳೂ ಇವೆ. ಕೇರಳದ ಅಲ್ಫೋನ್ಸಾ ಹುಟ್ಟಿದ್ದು 1910ರಲ್ಲಿ. ಮನೆಯವರ ಅನ್ನಕುಟ್ಟಿ. ಹುಟ್ಟಿದ ಕೆಲವೇ ತಿಂಗಳಿಗೆ ತಾಯಿಯನ್ನು ಕಳೆದುಕೊಂಡು ದೊಡ್ಡಮ್ಮನ ಮನೆಯಲ್ಲಿ ಬೆಳೆದಳು. ಮದುವೆಯ ಒತ್ತಾಯದಿಂದ ತಪ್ಪಿಸಿಕೊಳ್ಳಲು ಕೆಂಡದ ಗುಂಡಿಗೆ ಕಾಲಿಟ್ಟು ಸುಟ್ಟುಕೊಂಡಳು. 2008ರಲ್ಲಿ ಸಂತ ಪದವಿ ಪಡೆದ ಈಕೆಯ ಕಥೆಯನ್ನು ಎಳೆಯ ಮಕ್ಕಳಿಗೆ ಹೇಳುವಾಗ ಆ ಗುಂಡಿಯ ಮಾತನ್ನು ನಾನು ಎತ್ತುವುದಿಲ್ಲ. ಎಂಟನೆಯೋ ಒಂಬತ್ತನೆಯೋ ತರಗತಿಯ ಹುಡುಗಿಯರಿಗೆ ಹೇಳುತ್ತೇನೆ. ಆದರೆ ಸುಟ್ಟುಕೊಂಡದ್ದನ್ನು ಹೊಗಳುವುದಿಲ್ಲ. ಒಬ್ಬ ಹುಡುಗಿಯ "ಒಲ್ಲೆ" ಎಂಬ ಮಾತನ್ನು ಮನೆಯವರು ಕೇಳಿಸಿಕೊಂಡಿದ್ದರೆ ಆ ಕಾಲು ಸುಡುತ್ತಿರಲಿಲ್ಲ ಎಂದು ಹೇಳುತ್ತೇನೆ. ಎಳವೆಯಲ್ಲೇ ಮದುವೆಯ ಮಾತು ಕಿವಿಗೆ ಬೀಳುವ ಹುಡುಗಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ಇದನ್ನು ಹೇಳಲೇಬೇಕು. ಹಾಗೆ ಹೇಳುವಾಗ ನಮ್ಮ ರಾಣೆಬೆನ್ನೂರಿನಲ್ಲೇ ಹುಟ್ಟಿದ ಹೆಳವನಕಟ್ಟೆ ಗಿರಿಯಮ್ಮನೂ ತಾನಾಗಿ ನೆನಪಿಗೆ ಬರುತ್ತಾಳೆ. ಹದಿನೆಂಟನೆಯ ಶತಮಾನದ ಆ ಹರಿದಾಸಿ ಮಲೇಬೆನ್ನೂರಿಗೆ ಸೊಸೆಯಾಗಿ ಹೋದವಳು. ಮನಸ್ಸು ಸಂಸಾರದಲ್ಲಿ ನಿಲ್ಲದೆ ಹೆಳವನಕಟ್ಟೆಯ ರಂಗನನ್ನು ಹಾಡುತ್ತಾ ಬದುಕಿದಳು. ಅವಳ ಚಂದ್ರಹಾಸನ ಕಥೆಯನ್ನು ಅಜ್ಜಿಯಂದಿರು ಹಾಡುತ್ತಾ ಬಂದಿದ್ದಾರೆ. ಗಿರಿಯಮ್ಮನ ಭಕ್ತಿ ಬೇರೆ, ಅಲ್ಫೋನ್ಸಾಳ ಭಕ್ತಿ ಬೇರೆ. ಎರಡನ್ನೂ ಒಂದೇ ಎಂದು ಕಲೆಸಿ ಹೇಳುವುದು ನನಗೆ ಇಷ್ಟವಿಲ್ಲ. ಅಕ್ಕಪಕ್ಕ ಕೂರಿಸಿದರೆ ಸಾಕು.

ಮದರ್ ತೆರೇಸಾ ಹೆಸರು ಮಾತ್ರ ಎಲ್ಲ ಮಕ್ಕಳಿಗೂ ಗೊತ್ತು. ಅವರು ತೀರಿಕೊಂಡದ್ದು 1997ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನ. ಅವರೂ ಶಿಕ್ಷಕಿಯೇ. ಕಲ್ಕತ್ತೆಯ ಶಾಲೆಯಲ್ಲಿ ವರ್ಷಗಟ್ಟಲೆ ಭೂಗೋಳ ಕಲಿಸಿದವರು. 1948ರಲ್ಲಿ ಆ ಶಾಲೆ ಬಿಟ್ಟು ಮೋತಿಝೀಲ್ ಕೊಳೆಗೇರಿಗೆ ಹೋದಾಗ ಹಲಗೆ ಇರಲಿಲ್ಲ, ಬಳಪ ಇರಲಿಲ್ಲ. ಕಡ್ಡಿ ಹಿಡಿದು ನೆಲದ ಮೇಲೆ ಅಕ್ಷರ ಬರೆದರು. ಚಿಕ್ಕ ಮಕ್ಕಳಿಗೆ ನೊಬೆಲ್ ಪ್ರಶಸ್ತಿಗಿಂತ ಆ ಕಡ್ಡಿಯನ್ನು ಹೇಳಬೇಕು. ದೊಡ್ಡ ಮಕ್ಕಳಿಗೆ ಇನ್ನೊಂದನ್ನೂ ಹೇಳಬೇಕು. ದೇವರು ತನ್ನ ಹತ್ತಿರ ಇಲ್ಲ ಎಂಬ ಬರಡುತನವನ್ನು ಅವರು ದಶಕಗಳ ಕಾಲ ಅನುಭವಿಸಿದರು. ಅವರು ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಅದು ಲೋಕಕ್ಕೆಲ್ಲ ಗೊತ್ತಾಯಿತು. ಒಳಗೆ ಹಾಗಿದ್ದರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದರು. ಪರೀಕ್ಷೆಯ ಭಯದಲ್ಲೋ ಮನೆಯ ಜಗಳದಲ್ಲೋ ಒಳಗೊಳಗೇ ಬತ್ತಿಹೋಗಿರುವ ಹದಿನಾರರ ಹುಡುಗನಿಗೆ ಈ ಮಾತು ಯಾವ ಪವಾಡಕ್ಕಿಂತಲೂ ಹೆಚ್ಚಿನದು.

ಕಥೆ ಹೇಳುವವರಿಗೂ ಒಂದು ಮರ್ಯಾದೆ ಇದೆ. ಕೇಳುವ ಮಗುವಿನ ಮನೆದೇವರನ್ನು ಅಲುಗಿಸುವ ಉದ್ದೇಶ ಎಳ್ಳಷ್ಟೂ ಇರಬಾರದು. ನೆರೆಮನೆಯವರ ಹಿರಿಯರನ್ನು ಪರಿಚಯ ಮಾಡಿಕೊಡುವ ಹಾಗೆ, ಗೌರವದಿಂದ ಹೇಳಬೇಕು. ಕೇಳಿ ಮನೆಗೆ ಹೋದ ಮಗು ತನ್ನ ಅಜ್ಜಿಯ ಹತ್ತಿರ ಕನಕನ ಕಥೆಯನ್ನೋ ಶಿಶುನಾಳ ಷರೀಫಜ್ಜನ ಕಥೆಯನ್ನೋ ಕೇಳಿ ಮರುದಿನ ತಿರುಗಿ ಬಂದು ಹೇಳಲಿ. ಸಿಸ್ಟರ್ ಕೂತು ಕೇಳಲಿ.

ಸಂತರ ಪುಸ್ತಕ ತೆರೆಯುವ ಮೊದಲು ಆ ಸಿಸ್ಟರ್ ಹತ್ತಿರವೇ ಮಕ್ಕಳನ್ನು ಕೂರಿಸಬೇಕು ಎನ್ನುತ್ತೇನೆ ನಾನು. ನಮ್ಮ ಕಡೆ ಇರುವ ಸಿಸ್ಟರ್‌ಗಳಲ್ಲಿ ಎಷ್ಟೋ ಜನ ಕರಾವಳಿಯಿಂದ, ಗೋವೆಯಿಂದ, ಕೇರಳದಿಂದ ಬಂದವರು. ಮನೆಯ ಮಾತು ಕೊಂಕಣಿಯೋ ಮಲಯಾಳವೋ ಇದ್ದರೂ ನಮ್ಮ ಜವಾರಿ ಕನ್ನಡ ಕಲಿತು ಜೋಳದ ರೊಟ್ಟಿಗೆ ಒಗ್ಗಿಕೊಂಡವರು. ಮಕ್ಕಳ ಪ್ರಶ್ನೆಗಳು ಗೊತ್ತೇ ಇವೆ. "ನಿಮ್ಗ ಅವ್ವ ಅದಾಳೇನ್ರಿ ಸಿಸ್ಟರ್? ನೆನಪಾದ್ರ ಅಳ್ತೀರೇನ್ರಿ? ಮನಿ ಬಿಟ್ಟು ಬಂದ ದಿನ ಯಾರು ಬಸ್ ಹತ್ಸಾಕ ಬಂದಿದ್ರು? ನಮ್ಮ ಮಾತು ಕಲಿಯಾಕ ಎಷ್ಟು ದಿನ ಹಿಡೀತು?" ಈ ಪ್ರಶ್ನೆಗಳಿಗೆ ಒಬ್ಬ ಸಿಸ್ಟರ್ ಮನಸ್ಸು ಬಿಚ್ಚಿ ಉತ್ತರ ಕೊಟ್ಟರೆ ಹಡಗು ಹತ್ತಿ ಬಂದ ಮರಿಯಂಳ ಕಥೆ ಅರ್ಧ ಹೇಳಿದ ಹಾಗೆಯೇ.

ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. ನಮ್ಮ ರಾಜ್ಯೋತ್ಸವವೂ ಅದೇ ದಿನ. ಶಾಲೆಗಳಲ್ಲಿ ಆ ಬೆಳಿಗ್ಗೆ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ, ಕನಕದಾಸರು ಸಾಲಾಗಿ ಬಂದು ನಿಲ್ಲುತ್ತಾರೆ. ಈ ಸಲ ಆ ಸಾಲಿನಲ್ಲಿ ಒಬ್ಬ ಹುಡುಗಿ ಮರಿಯಂ ಆಗಿ ನಿಲ್ಲಲಿ. ಪ್ರಭೆಯ ಚಕ್ರ ಕತ್ತರಿಸಲು ಹಾಳೆ ಹುಡುಕಬೇಡಿ. ಕೈಗೊಂದು ತುಂಬಿದ ಕೊಡ ಕೊಡಿ. ಸಮಾರಂಭ ಮುಗಿದ ಮೇಲೆ ಬಿಸಿಲಲ್ಲಿ ಕೂತ ಮಕ್ಕಳಿಗೂ ಪೆಂಡಾಲು ಹಾಕಿದ ಆಳುಗಳಿಗೂ ಅವಳೇ ನೀರು ಕೊಡಲಿ.